ಯಾರೂ ಹೋಗದ ಮರ

ಯೇಯ್ ಸವೂನ್ ತನ್ನ ಪ್ರಹೋಕಿನ ಜಾಡಿಯ ಮುಚ್ಚಳ ತೆಗೆದರೆ ಸರೋವರದ ಆಚೆ ದಡದಲ್ಲಿ ಮದುವೆಗಳು ನಿಂತುಹೋಗುತ್ತಿದ್ದವು. ಹೀಗೆಂದು ನಾನು ಹೇಳಿದರೆ ನಮ್ಮೂರಿನವರು ನಂಬುವುದಿಲ್ಲ. ನಿಂತದ್ದು ಒಂದೇ ಮದುವೆ, ಆ ಹುಡುಗನಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ ಎನ್ನುತ್ತಾರೆ. ಇರಲಿ. ಉಪ್ಪು ಹಾಕಿ ಕೊಳೆಯಲು ಬಿಟ್ಟ ಆ ಮೀನಿನ ಗೊಜ್ಜು ಮೂಗಿಗೆ ಎಷ್ಟು ಭಯಂಕರವೋ ನಾಲಿಗೆಗೆ ಅಷ್ಟು ಹಿತ. ಸತ್ತವನ ತುಟಿಗೆ ಒಂದು ಬೆರಳು ಸವರಿದರೆ ಎದ್ದು ಕೂತು ಅನ್ನ ಕೇಳಬೇಕು, ಅಂಥದ್ದು. ಅದನ್ನೂ ಅಕ್ಕಿ ಶಾವಿಗೆಯನ್ನೂ ದೋಣಿಯಲ್ಲಿಟ್ಟುಕೊಂಡು, ತಲೆಗೆ ಚೌಕುಳಿ ಬಟ್ಟೆ ಸುತ್ತಿಕೊಂಡು, ಮನೆಯಿಂದ ಮನೆಗೆ ಹುಟ್ಟು ಹಾಕುತ್ತ ಬರುತ್ತಿದ್ದ ಈ ಮುದುಕಿಯನ್ನು ನಮ್ಮೂರಿನಲ್ಲಿ ಹಲ್ಲಿದ್ದವರೂ ಇಲ್ಲದವರೂ ‘ಯೇಯ್’ ಎಂದೇ ಕರೆಯುತ್ತಿದ್ದರು. ಎಲ್ಲರಿಗೂ ಅಜ್ಜಿ.

ನಮ್ಮೂರು ನೀರಿನ ಮೇಲೆ ನಿಂತಿದೆ ಎನ್ನುತ್ತಾರೆ. ನಿಂತಿದೆ ಎನ್ನುವುದೇ ಸುಳ್ಳು. ಮಳೆಗಾಲದಲ್ಲಿ ಸರೋವರ ಉಬ್ಬಿ ಕಾಡನ್ನು ನುಂಗಿದಾಗ ನಾವು ಕಾಲುವೆಯ ಮೇಲ್ತುದಿಗೆ ಬಂದು ಕಟ್ಟಿಕೊಳ್ಳುತ್ತೇವೆ. ನೀರು ಇಳಿದಂತೆ ಮನೆ, ಹಂದಿಗೂಡು, ಶಾಲೆ, ಐಸ್ ಅಂಗಡಿ ಎಲ್ಲವನ್ನೂ ಎಳೆದುಕೊಂಡು ಕೆಳಗೆ ಕಾಲುವೆಯ ಬಾಯಿಗೆ ಹೋಗುತ್ತೇವೆ. ನನ್ನ ಅಜ್ಜ ಒಮ್ಮೆ ಮಧ್ಯಾಹ್ನ ಮಲಗಿದವನು ಎದ್ದಾಗ ಬೇರೆ ಜಿಲ್ಲೆಯಲ್ಲಿದ್ದ. ಹೆಂಡತಿ ಮಾತ್ರ ಅವಳೇ ಇದ್ದಳಲ್ಲ ಎಂದು ಸಾಯುವವರೆಗೂ ಕೊರಗಿದ.

ಯೇಯ್ ಸವೂನಳ ನಾಲಿಗೆ ಪ್ರಹೋಕಿಗಿಂತ ಖಾರ. ಇಸ್ಪೀಟಿನಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದಳು. ಹಿಡಿದು ಕೇಳಿದರೆ, ‘ಕಣ್ಣು ಕಾಣದ ಮುದುಕಿ ಹತ್ರ ಗೆಲ್ಲೋಕೆ ಬಂದಿದೀಯಲ್ಲ, ನಿಂಗೆ ನಾಚಿಕೆ ಆಗ್ಬೇಕು’ ಎನ್ನುತ್ತಿದ್ದಳು. ಆ ಕಾಣದ ಕಣ್ಣಿಗೆ ಮೂರು ದೋಣಿ ಆಚೆ ಕೂತವನ ಎಲೆ ಕಾಣುತ್ತಿತ್ತು. ನಾನು ದೋಣಿ ಮಾಡುವ ಬಡಗಿ, ಅವಳ ಪಕ್ಕದ ಮನೆಯವನು. ನನ್ನ ಕತೆಗಳನ್ನು ಕೇಳಿ ಅವಳು ಎಲೆಅಡಿಕೆ ಉಗಿದು ಹೇಳುವುದಿತ್ತು: ‘ನಿನ್ನ ಸುಳ್ಳಿಗೊಂದು ಹಾಯಿ ಕಟ್ಟಿದ್ರೆ ಸಾಕು ಹಾನ್, ಊರಿಗೆ ಎಂಜಿನ್ನೇ ಬೇಕಾಗಲ್ಲ.’

ಅವಳು ನಗದೆ ಮಾತಾಡುತ್ತಿದ್ದ ಸಂಗತಿ ಒಂದೇ. ಕರಿಬಟ್ಟೆ ತೊಟ್ಟ ಬಂದೂಕಿನವರು ದೇಶ ಆಳಿದ ಕಾಲದಲ್ಲಿ ಒಂದು ಮಧ್ಯಾಹ್ನ ಅವಳ ಗಂಡನನ್ನು ಸಭೆ ಇದೆ ಬಾ ಎಂದು ದೋಣಿ ಹತ್ತಿಸಿಕೊಂಡು ಹೋದರು. ಸಭೆ ಇನ್ನೂ ಮುಗಿದಿಲ್ಲ. ಕಾಲ ಬದಲಾದ ಮೇಲೆ ಗುಡ್ಡದ ಮೇಲಿನ ವಿಹಾರದಲ್ಲಿ ಒಂದು ಸ್ತೂಪ ಕಟ್ಟಿ, ಸುತ್ತಲಿನ ಹೊಲಗದ್ದೆಗಳಲ್ಲಿ ಸಿಕ್ಕ ಹೆಸರಿಲ್ಲದ ಬುರುಡೆಗಳನ್ನೆಲ್ಲ ಗಾಜಿನ ಹಿಂದೆ ಜೋಡಿಸಿಟ್ಟರು. ನಿನ್ನ ಗಂಡನೂ ಅಲ್ಲೇ ಇದ್ದಾನೆಂದು ತಿಳಿದುಕೋ ಎಂದು ಅವಳಿಗೆ ಹೇಳಿದರು. ಅವಳು ತಿಳಿದುಕೊಂಡಳು. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಅಂಟಕ್ಕಿ ಉಂಡೆ ಹಿಡಿದು ಗುಡ್ಡ ಹತ್ತುತ್ತಿದ್ದಳು. ಇಳಿದು ಬಂದು ನನ್ನ ಮನೆಯ ಮುಂದೆ ದೋಣಿ ನಿಲ್ಲಿಸಿ ಹೇಳುತ್ತಿದ್ದಳು: ‘ಯಾವನ್ ಬುರುಡೆಗೋ ಕೈಮುಗಿದು ಬಂದೆ. ಆ ಹೊಟ್ಟೆಕಿಚ್ಚಿನೋನು ನೋಡಿದ್ರೆ ಇಬ್ಬರಿಗೂ ಒದೀತಿದ್ದ.’

ಇಷ್ಟು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅವಳಿಗೆ ಉಳಿದಿದ್ದವಳು ಮೊಮ್ಮಗಳು ಮಲಿಸ್. ತಾಯಿ ಹೆತ್ತ ವರ್ಷವೇ ಜ್ವರದಲ್ಲಿ ಹೋದಳು. ತಂದೆ ಥಾಯ್ ಮೀನುಹಡಗು ಹತ್ತಿ ಹೋದವನು ಹಡಗಿನ ಜೊತೆಗೇ ಇದ್ದಾನೋ ಇಲ್ಲವೋ. ಮಲಿಸ್‌ಗೆ ಏಳು ವರ್ಷ. ನಮ್ಮೂರಿನ ಮಕ್ಕಳೆಲ್ಲ ಬಟ್ಟೆ ಒಗೆಯುವ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕೂತು ಶಾಲೆಗೆ ಹೋಗುತ್ತವೆ. ಮಲಿಸ್ ಒಂದು ಕಾಲಿನ ರಬ್ಬರ್ ಚಪ್ಪಲಿಯನ್ನೇ ಹುಟ್ಟು ಮಾಡಿಕೊಂಡು ಎಂಥ ವೇಗದಲ್ಲಿ ಹೋಗುತ್ತಿದ್ದಳೆಂದರೆ, ಅವಳು ಎಬ್ಬಿಸಿದ ಅಲೆಗೆ ಪೊಲೀಸರ ದೋಣಿ ತೊಟ್ಟಿಲಾಡುತ್ತಿತ್ತು. ನನ್ನ ಬಣ್ಣದ ಡಬ್ಬಿಯಿಂದ ನೀಲಿ ಕದ್ದು ಬೋಗುಣಿಯ ಅಂಚಿಗೆಲ್ಲ ಬಳಿದುಕೊಂಡಿದ್ದಳು. ಕೇಳಿದರೆ, ಅಜ್ಜಾ ಎನ್ನುವ ನಮ್ಮೂರಿನ ಮಾತಿನಲ್ಲಿ, ‘ತಾ ಹಾನ್, ಇದು ಆಕಾಶದಿಂದ ಬಿದ್ದಿದ್ದು’ ಎಂದಳು. ಸುಳ್ಳು ಹೇಳುವುದನ್ನು ನನ್ನಿಂದಲೇ ಕಲಿತಿದ್ದಳು, ಬೈಯುವ ಹಾಗೂ ಇರಲಿಲ್ಲ.

ನೀರು ಏರುತ್ತಿದ್ದ ತಿಂಗಳು. ಶಾಲೆ ಬಿಟ್ಟು ಮಕ್ಕಳು ಹೊರಟಿದ್ದರು. ಗುಡ್ಡದ ಕಡೆಯಿಂದ ಮೋಡ ಕಪ್ಪಗೆ ಬಂದು ಮಧ್ಯಾಹ್ನವನ್ನು ಮುಚ್ಚಿತು. ಮಳೆಗೆ ಮೊದಲು ಗಾಳಿ ಬಂತು. ಯೀಮ್‌ಳ ಐಸ್ ಅಂಗಡಿಯ ತಗಡಿನ ಸೂರು ಹಾರಿಹೋಗಿ ಪಕ್ಕದ ದೇಶದಲ್ಲಿ ಸುಂಕ ಕಟ್ಟಿಸಿಕೊಂಡಿತು. ಉಳಿದ ಮಕ್ಕಳು ಯಾವುದೋ ಮನೆಯ ಕಂಬ ಹಿಡಿದುಕೊಂಡವು. ಮಲಿಸ್ ಬರಲಿಲ್ಲ.

ಎಲ್ಲ ಕಡೆ ಹುಡುಕಿದೆವು. ಊರಿನ ದೋಣಿಗಳೆಲ್ಲ ಹೊರಟವು. ವಿಹಾರದ ಕಡೆ, ಕಾಲುವೆಯ ಬಾಯಿಯ ಕಡೆ, ಮುಳುಗಿದ ಕಾಡಿನ ಪೊದೆ ಪೊದೆ, ಬಲೆ ಬಲೆ. ಪೊಲೀಸರು ಬಂದರು, ಯೀಮ್‌ಳ ಹತ್ತಿರ ಐಸ್ ಹಾಕಿದ ಕಾಫಿ ಕುಡಿದರು, ಅವರೂ ಹುಡುಕಿದರು. ಎಲ್ಲ ಕಡೆ ಹುಡುಕಿಯಾಯಿತು ಎಂದು ಊರಿನ ಮುಖ್ಯಸ್ಥ ಸಮ್ರೆತ್ ಯೇಯ್ ಸವೂನಳ ಬಾಗಿಲಲ್ಲಿ ನಿಂತು ಹೇಳಿದ. ಒದ್ದೆಯಾಗಿದ್ದ ಅಷ್ಟೂ ಗಂಡಸರು ಅವನ ಹಿಂದೆ ನಿಂತು ತಲೆಯಾಡಿಸಿದರು.

ಮುದುಕಿ ಅಳಲಿಲ್ಲ. ಅವಳದು ಒಂದೇ ವಾದ. ಮಗು ಮುಳುಗಿರಬಹುದು, ಬೋಗುಣಿ ಯಾಕೆ ಮುಳುಗುತ್ತದೆ? ಮಗುಚಿದರೂ ತೇಲುವ ಪಾತ್ರೆ ಅದು. ಬೋಗುಣಿಯೂ ಸಿಕ್ಕಿಲ್ಲ ಎಂದರೆ ಎರಡೂ ಒಟ್ಟಿಗೆ ಎಲ್ಲೋ ಇವೆ. ಯಾವುದೋ ದೊಡ್ಡ ದೋಣಿಯವರು ಎತ್ತಿಕೊಂಡಿದ್ದಾರೆ. ಆಚೆ ದಡದಲ್ಲಿ ಯಾರದೋ ಮನೆಯಲ್ಲಿ ಅವಳ ಮಲಿಸ್ ಅವರ ಪ್ರಹೋಕನ್ನು ಹಳಿಯುತ್ತ ಕೂತಿದ್ದಾಳೆ.

ಹೆದರಿದ ಮಗುವಿನ ಮೈಯಿಂದ ಜೀವ ಕಳಚಿ ಹೋಗುತ್ತದೆ, ಒಬ್ಬೊಬ್ಬರ ಮೈಯಲ್ಲಿರುವ ಹತ್ತೊಂಬತ್ತು ಜೀವಗಳಲ್ಲಿ ಒಂದೋ ಎರಡೋ ಕಾಡಿನಲ್ಲಿ ನೀರಿನಲ್ಲಿ ಅಲೆಯುತ್ತವೆ, ಕರೆದರೆ ಬರುತ್ತವೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೀನು ಗೋರುವ ಬಿದಿರುಬುಟ್ಟಿ ಹಿಡಿದು, ಮಗು ಹೆದರಿದ ಜಾಗಕ್ಕೆ ಹೋಗಿ, ಹೆಸರು ಹಿಡಿದು ಕರೆದು, ನೀರನ್ನು ಗೋರಿ ಮನೆಗೆ ತರುತ್ತೇವೆ. ಒಂದು ಸಂಜೆಯ ಕೆಲಸ. ಯೇಯ್ ಸವೂನ್ ಅದನ್ನು ದಿನಾ ಮಾಡತೊಡಗಿದಳು. ಹೊತ್ತು ಮುಳುಗುವಾಗ ಅವಳ ದೋಣಿ ಹೊರಡುತ್ತಿತ್ತು. ‘ಮಲಿಸ್, ಬಾ ಮಗಾ. ಮೀನಿನ್ ಹತ್ರ ಇರ್ಬೇಡ. ಮರದ್ ಹತ್ರ ಇರ್ಬೇಡ. ಅನ್ನ ಆರಿಹೋಗ್ತಿದೆ, ಬಾ.’ ಆ ದನಿ ನೀರಿನ ಮೇಲೆ ಜಾರಿಕೊಂಡು ಎಲ್ಲ ಮನೆಗಳ ಹಲಗೆಯ ಕೆಳಗೆ ಹಾಯ್ದು ಹೋಗುತ್ತಿತ್ತು.

ಮೊದಲು ಹೆಂಗಸರು ಅತ್ತರು. ಆಮೇಲೆ ಮಕ್ಕಳು ಹೆದರಿದವು. ಆಮೇಲೆ ಮಾತು ಹುಟ್ಟಿತು: ಬುಟ್ಟಿಗೇನು ಕಣ್ಣಿದೆಯೆ? ಮುದುಕಿ ಗೋರುವಾಗ ಬೇರೆ ಮಕ್ಕಳ ಜೀವವೂ ಅದರಲ್ಲಿ ಬಿದ್ದರೆ? ಯೀಮ್‌ಳ ಮಗನಿಗೆ ಜ್ವರ ಬಂತು. ಜೀವ ಕಟ್ಟಿಹಾಕಲು ತಾಯಂದಿರು ಮಕ್ಕಳ ಮಣಿಕಟ್ಟಿಗೆ ಬಿಳಿ ದಾರ ಸುತ್ತಿದರು, ಮೇಲೆ ಇನ್ನೊಂದು ಸುತ್ತಿದರು. ಊರಿನಲ್ಲಿ ಗುಂಡಿ ಹೊಲಿಯಲು ದಾರ ಸಿಗದೆ ಗಂಡಸರು ಷರಾಯಿಯನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಿದರು. ನಾನು ಸ್ವಲ್ಪ ಹೆಚ್ಚು ಮಾಡಿ ಹೇಳುತ್ತಿರಬಹುದು. ಹೆದರಿಕೆಯನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ.

ಆಗ ಅಚಾರ್ ಪ್ರುಂ ಬಾಯಿ ತೆಗೆದ. ವಿಹಾರದ ಪೂಜೆಪುನಸ್ಕಾರ ನೋಡಿಕೊಳ್ಳುವ ಹಿರಿಯ. ಅವನು ಕೆಮ್ಮಿದರೂ ಊರು ಅರ್ಥ ಹುಡುಕುತ್ತದೆ. ಹಿರಿಯರ ಹಬ್ಬ ಹತ್ತಿರ ಬಂತು, ಜಾಗವಿಲ್ಲದ ಜೀವ ಜೊತೆಗಾರರನ್ನು ಹುಡುಕುತ್ತದೆ ಎಂದ. ಮಗುವಿನ ನೆನಪಿಗೆ ಕಂಬದ ಮೇಲೊಂದು ಗೂಡು ಮಾಡಿ ಊರವರೆಲ್ಲ ಅಲ್ಲೇ ಅನ್ನ ಇಡೋಣ, ಜೀವ ಅಲ್ಲಿ ಕೂರುತ್ತದೆ, ಮುದುಕಿಯೂ ಕರೆಯುವುದು ಬಿಡುತ್ತಾಳೆ ಎಂದ. ಎಲ್ಲರಿಗೂ ಹಿಡಿಸಿತು. ಎಲ್ಲರ ಕಣ್ಣಲ್ಲೂ ನೀರು ಬಂತು. ಗೂಡು ಮಾಡುವ ಕೆಲಸ ನನಗೆ ಬಂತು.

ಹಳೆಯ ದೋಣಿಯ ಹಲಗೆಯಲ್ಲಿ ಮಾಡಿದೆ. ಇಳಿಜಾರು ಸೂರು, ಮೂಲೆಗಳಲ್ಲಿ ಹಾವಿನ ಹೆಡೆ, ಮುಂದೆ ಒಂದು ಬಾಗಿಲು. ಯೇಯ್ ಸವೂನ್ ದೋಣಿ ತಂದು ನಿಲ್ಲಿಸಿ ಅದರೊಳಗೆ ಕೈ ಹಾಕಿ ನೋಡಿದಳು. ನಾನು ಉಗಿಸಿಕೊಳ್ಳಲು ಸಿದ್ಧನಾಗಿ ನಿಂತೆ.

‘ಬಾಗಿಲು ಚಿಕ್ಕದಾಯ್ತು ಹಾನ್’ ಎಂದಳು.

‘ಒಂದ್ ಮಗುಗೆ ಎಷ್ಟ್ ದೊಡ್ಡದು ಬೇಕು ಯೇಯ್?’

‘ಯಾವ ಮಗುಗೆ? ನಂದು ಊಟಕ್ಕೆ ಬರುತ್ತೆ. ಇದು ನಿಮ್ಮದು, ನಿಮ್ಮ ಭಯಕ್ಕೆ ಮಾಡಿಕೊಂಡಿದ್ದು. ನಿಮ್ಮ ಭಯ ಇದರೊಳಗೆ ಹಿಡಿಯಲ್ಲ.’

ಹುಟ್ಟು ಹಾಕಿಕೊಂಡು ಹೋಗಿಬಿಟ್ಟಳು. ಸಮ್ರೆತ್ ಅವಳ ಮನೆಗೆ ಹೋಗಿ ಬಹಳ ಮೆತ್ತಗೆ ಮಾತಾಡಿದನಂತೆ. ಅವಳು ಶಾವಿಗೆ ಒತ್ತುತ್ತಲೇ ಉತ್ತರ ಕೊಟ್ಟಳಂತೆ: ಒಂದು ಸಲ ಎಲ್ಲರೂ ಹೇಳಿದ್ದಕ್ಕೆ ಯಾರದೋ ಬುರುಡೆಯನ್ನು ಗಂಡ ಎಂದು ಒಪ್ಪಿಕೊಂಡೆ, ಇನ್ನೊಂದು ಸಲ ಖಾಲಿ ಗೂಡನ್ನು ಮೊಮ್ಮಗಳು ಎಂದು ಒಪ್ಪುವುದಿಲ್ಲ, ನೀವು ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಿ, ನಾನು ಕೈಮುಗಿಯುವುದಿಲ್ಲ, ಕರೆಯುವುದೂ ಬಿಡುವುದಿಲ್ಲ.

ಎಲ್ಲಿ ಬೇಕಾದರೂ ನಿಲ್ಲಿಸುವುದು ಎಷ್ಟು ಕಷ್ಟ ಎಂದು ನಮಗೆ ಆಗ ಗೊತ್ತಾಯಿತು. ಶಾಲೆಯ ಮುಂದೆ ಎಂದಾಗ ಮೇಷ್ಟರು ಬಹಳ ಒಳ್ಳೆಯ ವಿಚಾರ ಎಂದರು, ಆದರೆ ಮಕ್ಕಳ ಗಮನ ಲೆಕ್ಕದ ಮೇಲಿರುವುದಿಲ್ಲ ಎಂದರು. ನಮ್ಮ ಶಾಲೆಯ ಮಕ್ಕಳ ಗಮನ ಲೆಕ್ಕದ ಮೇಲೆ ಯಾವಾಗ ಇತ್ತೋ ನನಗೆ ತಿಳಿಯದು. ಐಸ್ ಅಂಗಡಿಯ ಪಕ್ಕ ಎಂದಾಗ ಯೀಮ್ ಅತ್ತುಕೊಂಡೇ ಬೇಡವೆಂದಳು. ಮಗನ ಜ್ವರ ಈಗ ತಾನೇ ಇಳಿದಿತ್ತು. ಸಮ್ರೆತನ ಮನೆಯ ಮುಂದೆ ಪೊಲೀಸರ ದೋಣಿ ತಿರುಗಲು ಜಾಗ ಬೇಕಂತೆ. ವಿಹಾರದಲ್ಲಿ ಎಂದಾಗ ಅಚಾರ್ ಪ್ರುಂ, ನೀರಿನಲ್ಲಿ ಹೋದ ಜೀವವನ್ನು ಗುಡ್ಡ ಹತ್ತಿಸಬಾರದು ಎಂದು ಅದೇ ಸಂಜೆ ಹೊಸದಾಗಿ ಒಂದು ಶಾಸ್ತ್ರ ಹುಟ್ಟಿಸಿದ. ಅವನ ಕುಟಿ ಇರುವುದು ವಿಹಾರದ ಮೆಟ್ಟಿಲ ಬುಡದಲ್ಲೇ.

ಅಲ್ಲಿಯವರೆಗೆ ಗೂಡು ನನ್ನ ಜಗಲಿಯಲ್ಲೇ ಇತ್ತು. ಚಹಾಕ್ಕೆ ಬರುತ್ತಿದ್ದವರು ಬರುವುದು ಬಿಟ್ಟರು. ಸಾಲ ಕೇಳುವವರೂ ಬಾರದಾದಾಗ ಒಂದು ಲಾಭ ಎಂದುಕೊಂಡೆ. ಹೆಂಡತಿ ಅಡುಗೆಯನ್ನು ಹಿಂದಿನ ಕಟ್ಟೆಗೆ ಸಾಗಿಸಿದಳು. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಇನ್ನೊಂದು ಪಕ್ಕದ ಮನೆ ಕಾಣಲಿಲ್ಲ. ಸುತ್ತಲಿನವರೆಲ್ಲ ದಿನಾ ಒಂದಿಷ್ಟು ಹಗ್ಗ ಸಡಿಲಿಸಿ, ಯಾರಿಗೂ ಹೇಳದೆ, ಒಂದೊಂದು ಮೊಳ ಆಚೆ ಸರಿಯುತ್ತಿದ್ದರು. ಕಾಲುವೆಯ ನಡುವೆ ನಾನೊಬ್ಬ, ಹೆಂಡತಿಯ ಬೈಗುಳ, ಆ ಗೂಡು. ಹತ್ತಿರ ಉಳಿದದ್ದು ಯೇಯ್ ಸವೂನಳ ಮನೆ ಒಂದೇ. ಸಂಜೆಯ ಕರೆ ಮೊದಲು ನನ್ನ ಹಲಗೆಯ ಕೆಳಗೇ ಹಾಯುತ್ತಿತ್ತು. ಆಗೆಲ್ಲ ಗೂಡಿನ ಬಾಗಿಲು ತಾನಾಗಿ ಸಣ್ಣಗೆ ಕಿರುಗುಡುತ್ತಿತ್ತು. ಕೀಲಿಗೆ ಎಣ್ಣೆ ಹಾಕಿದೆ. ಆಮೇಲೂ ಕಿರುಗುಡುತ್ತಿತ್ತು.

ಹಬ್ಬಕ್ಕೆ ಮೊದಲು ಕೊನೆಯ ಸಭೆ ಸಮ್ರೆತನ ಜಗಲಿಯಲ್ಲಿ ಸೇರಿತು. ಯೇಯ್ ಸವೂನ್ ಬಂದು ಒಳಗೆ ಕೂರದೆ, ತನ್ನ ದೋಣಿಯಲ್ಲೇ ಕೂತು ಜಗಲಿಯ ಅಂಚು ಹಿಡಿದುಕೊಂಡಿದ್ದಳು. ಯಾರ ಮನೆಗೂ ಹತ್ತಿರವಲ್ಲದ, ಯಾರ ದಾರಿಗೂ ಅಡ್ಡವಲ್ಲದ, ಯಾರೂ ಬಲೆ ಬೀಸದ ಜಾಗ ಬೇಕು ಎಂದು ಸಮ್ರೆತ್ ಹೇಳಿ ಮುಗಿಸುವುದರೊಳಗೆ ಎಲ್ಲರ ಬಾಯಿಂದಲೂ ಒಂದೇ ಮಾತು ಬಂತು. ಮಡುವಿನ ಮರ.

ಕಾಲುವೆ ಕೆಳಗೆ ಬಾಗುವಲ್ಲಿ ಒಂದು ಆಳವಾದ ಮಡು, ಮಡುವಿನ ದಂಡೆಗೆ ಒಂದು ಮರ. ನೀರು ಏರಿದಾಗ ಅದರ ತಲೆಯಷ್ಟೇ ಮೇಲೆ ಕಾಣುತ್ತದೆ, ಯಾರೋ ಕುತ್ತಿಗೆವರೆಗೆ ಮುಳುಗಿ ನಿಂತ ಹಾಗೆ. ಕರಿಬಟ್ಟೆಯವರ ದೋಣಿಗಳು ಜನರನ್ನು ಸಭೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಆ ಕಡೆಗೆ. ಅಂದಿನಿಂದ ಆ ಮರದ ಹತ್ತಿರ ಯಾರೂ ಹೋಗುವುದಿಲ್ಲ. ಅಲ್ಲಿನ ಮೀನು ಹಂದಿಯಷ್ಟು ದಪ್ಪವಂತೆ. ಏನು ತಿಂದು ದಪ್ಪವಾದವು ಎಂದು ಯೋಚಿಸಿ ಯಾರೂ ಹಿಡಿಯುವುದಿಲ್ಲ. ಕೆಳಗೆ ಹೋಗುವಾಗಲೂ ಊರಿಗೆ ಊರೇ ಸುತ್ತು ಹಾಕಿ ಪಕ್ಕದ ಕವಲಿನಲ್ಲಿ ಹೋಗುತ್ತದೆ.

ಒಳ್ಳೆ ಜಾಗ ಎಂದ ಅಚಾರ್. ಶಾಂತವಾದ ಜಾಗ ಎಂದರು ಮೇಷ್ಟರು. ಊರು ಇಷ್ಟು ಒಮ್ಮತದಿಂದ ಇದ್ದದ್ದು ನಾನು ಕಂಡಿರಲಿಲ್ಲ.

‘ಅಲ್ಲಿಗೆ ಯಾರೂ ಹೋಗಲ್ವಾ?’ ಎಂದಳು ಯೇಯ್ ಸವೂನ್.

‘ಯಾರೂ ಹೋಗಲ್ಲ ಯೇಯ್. ಅದಕ್ಕೇ ಹೇಳ್ತಿರೋದು. ಯಾರ ಕಾಟಾನೂ ಇರಲ್ಲ’ ಎಂದ ಸಮ್ರೆತ್.

‘ಹಾಗಾದ್ರೆ ಅಲ್ಲಿ ಹುಡುಕಿದ್ದು ಯಾರು?’

ಯೀಮ್‌ಳ ಅಂಗಡಿಯಲ್ಲಿ ಐಸ್ ಕರಗುವುದು ಕೇಳಿಸಿತು ಎಂದರೆ ಈ ಸಲ ನಂಬಬೇಕು. ಸಮ್ರೆತ್ ಅಚಾರನ ಮುಖ ನೋಡಿದ, ಅಚಾರ್ ಮೇಷ್ಟರ ಮುಖ, ಮೇಷ್ಟರು ನನ್ನ ಮುಖ. ವಿಹಾರದ ಕಡೆಗೆ ಹೋದವರು ಬಾಯಿಯ ಕಡೆಯವರು ಅಲ್ಲಿಗೂ ಹೋಗಿರುತ್ತಾರೆ ಎಂದುಕೊಂಡಿದ್ದರು. ಬಾಯಿಯ ಕಡೆಗೆ ಹೋದವರು ಸುತ್ತು ಹಾಕಿ ಕವಲಿನಲ್ಲಿ ಹೋಗಿದ್ದರು, ರೂಢಿ. ಪೊಲೀಸರಿಗೆ ದಾರಿ ತೋರಿಸಿದವರು ನಾವೇ.

‘ನಾನೂ ಹೋಗಿಲ್ಲ’ ಎಂದಳು ಮುದುಕಿ. ‘ಇಷ್ಟು ದಿನ ಬುಟ್ಟಿ ಹಿಡ್ಕೊಂಡು ಊರೆಲ್ಲ ಸುತ್ತಿದೆ. ಮರದ್ ಹತ್ರ ಇರ್ಬೇಡ ಅಂತ ಕರೆದೆ. ಆ ಮರದ್ ಹತ್ರ ಮಾತ್ರ ಹೋಗಿ ಕರೀಲಿಲ್ಲ. ಗಾಳಿ ಆವತ್ತು ಯಾವ ಕಡೆಗಿತ್ತು ಸಮ್ರೆತ್?’

ಗಾಳಿ ಗುಡ್ಡದ ಕಡೆಯಿಂದ ಬಂದಿತ್ತು. ಕೆಳಗೆ, ಬಾಗಿನ ಕಡೆಗೆ ಬೀಸಿತ್ತು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

‘ನಿಲ್ಲಿಸಿ ಅಲ್ಲೇ’ ಎಂದು ಅವಳು ಜಗಲಿಯ ಅಂಚು ಬಿಟ್ಟಳು.

ಮಾರನೆಯ ದಿನ ಗಂಡಸರು ಉದ್ದ ಬಿದಿರು ಹಿಡಿದು ಹೋದರು. ಒಬ್ಬರನ್ನೊಬ್ಬರು ನೋಡದೆ ಮರದ ಸುತ್ತ ಚುಚ್ಚಿದರು. ಬಂದು ಏನೂ ಇಲ್ಲ ಎಂದರು. ಕೋಲು ನೆಲ ಮುಟ್ಟಿತೇ ಎಂದು ಕೇಳಿದಳು. ಮುಟ್ಟಿರಲಿಲ್ಲ. ಬಿದಿರಿಗೆ ಬಿದಿರು ಕಟ್ಟಿದರೂ ಮುಟ್ಟಿರಲಿಲ್ಲ. ಹಾಗಾದರೆ ನೀರು ಇಳಿಯಲಿ ಎಂದಳು.

ಗೂಡನ್ನು ಮರದ ಮೇಲಿನ ಕೊಂಬೆಗೆ ಕಟ್ಟಿ ಬಂದೆವು. ಅಚಾರ್ ದೋಣಿಯಿಂದ ಇಳಿಯದೆ, ಅರ್ಧ ಮಂತ್ರವನ್ನು ಹೋಗುವಾಗಲೂ ಅರ್ಧವನ್ನು ಬರುವಾಗಲೂ ಹೇಳಿದ. ಆಮೇಲೆ ಯೇಯ್ ಸವೂನ್ ನನ್ನ ಬಳಿ ಬಂದು ತನ್ನ ಮನೆಯನ್ನು ಅಲ್ಲಿಗೆ ಎಳೆದು ಬಿಡು ಎಂದಳು. ನನ್ನ ಎಂಜಿನ್ ದಾರಿಯುದ್ದಕ್ಕೂ ನಿಲ್ಲುತ್ತ ಹೋಯಿತು. ಅದೂ ಇದೇ ಊರಿನದಲ್ಲವೇ. ಮರದ ಹತ್ತಿರ ಹೋದಾಗ ಹಕ್ಕಿಯ ದನಿಯೂ ಇರಲಿಲ್ಲ. ಕೊಂಬೆಗೆ ಅವಳ ಹಗ್ಗ ಕಟ್ಟುವಾಗ ಕೆಳಗೆ ಏನೋ ದೊಡ್ಡದು ನಿಧಾನವಾಗಿ ಮಗ್ಗಲು ಬದಲಿಸಿತು. ಮೀನು ಎಂದೆ. ‘ಮೀನೇ ಇರ್ಲಿ ಬಿಡು’ ಎಂದಳು.

ಅಂದಿನಿಂದ ಸಂಜೆಯ ಕರೆ ದೂರದಿಂದ ಬರತೊಡಗಿತು. ಊರು ಬಯಸಿದ್ದು ಅದನ್ನೇ. ಆದರೆ ಹತ್ತಿರದ ದನಿಗೆ ಕಿವಿ ಮುಚ್ಚಿಕೊಳ್ಳಬಹುದು. ದೂರದ್ದಕ್ಕೆ ಕಿವಿ ತಾನಾಗಿ ಚಾಚುತ್ತದೆ. ಬಂತೋ ಇಲ್ಲವೋ ಎಂದು ಎಲ್ಲ ಮನೆಗಳಲ್ಲೂ ಚಮಚಗಳು ಬಟ್ಟಲಿನ ಮೇಲೆ ನಿಲ್ಲುತ್ತಿದ್ದವು.

ಆ ವರ್ಷ ನೀರು ಏರಿದ್ದೇ ಕಡಿಮೆ. ಇಳಿಯುವಾಗ ಅಟ್ಟಿಸಿಕೊಂಡು ಹೋದ ಹಾಗೆ ಇಳಿಯಿತು. ಮೇಲೆ ಎಲ್ಲೋ ಅಣೆಕಟ್ಟು ಮುಚ್ಚಿದ್ದಾರೆ ಎಂದರು ಕೆಲವರು. ಮನೆಗಳು ಕೆಸರಿನಲ್ಲಿ ಕೂರುವ ಮೊದಲು ಹೊರಟು, ರೂಢಿಯಂತೆ ಸುತ್ತು ಹಾಕಲು ಹೋದರೆ ಪಕ್ಕದ ಕವಲಿನಲ್ಲಿ ಬಾತುಕೋಳಿಗಳು ನಡೆದುಕೊಂಡು ಹೋಗುತ್ತಿದ್ದವು. ಸಮ್ರೆತ್ ದೋಣಿಯಲ್ಲಿ ಮುಂದೆ ಹೋಗಿ ಕಾಲುವೆಯ ಬಾಯಿ ನೋಡಿ ಬಂದ. ಅಲ್ಲಿ ಮೊಣಕಾಲಷ್ಟು ನೀರು. ಊರಿನ ಮನೆಗಳು ತೇಲುವಷ್ಟು ಆಳ ಉಳಿದದ್ದು ಒಂದೇ ಕಡೆ.

ಯಾರ ಮನೆಗೂ ಹತ್ತಿರವಲ್ಲದ ಜಾಗ ಆರಿಸಿದ ಊರಿಗೆ, ನಮ್ಮ ಮನೆಗಳಿಗೆ ಕಾಲಿದೆ ಎನ್ನುವುದು ಮರೆತುಹೋಗಿತ್ತು.

ನಾವು ಒಂದೊಂದಾಗಿ ಬಂದು ಮಡುವಿನಲ್ಲಿ ಸೇರಿದೆವು. ಮಡು ಊರಿಗಿಂತ ಚಿಕ್ಕದು. ಐಸ್ ಅಂಗಡಿ, ಶಾಲೆ, ಹಂದಿಗೂಡು, ಸಮ್ರೆತನ ಜಗಲಿ, ಒಂದಕ್ಕೊಂದು ಉಜ್ಜಿಕೊಂಡು ಆ ಮರದ ಸುತ್ತ ನಿಂತವು. ಒಬ್ಬರ ಮನೆಯಲ್ಲಿ ಸೀನಿದರೆ ಇನ್ನೊಬ್ಬರ ಮನೆಯ ದೀಪ ಆರುತ್ತಿತ್ತು. ಗೂಡು ಈಗ ನಮ್ಮೆಲ್ಲರ ತಲೆಯ ಮೇಲೆ, ಎತ್ತರದ ಕೊಂಬೆಯಲ್ಲಿ ತೂಗುತ್ತಿತ್ತು. ಯೇಯ್ ಸವೂನ್ ಯಾರನ್ನೂ ಮೂದಲಿಸಲಿಲ್ಲ. ಶಾವಿಗೆ ತಂದು ಮಾರಿದಳು. ಮನೆಗಳು ಅಂಟಿಕೊಂಡಿದ್ದರಿಂದ ಹುಟ್ಟು ಹಾಕದೆ ನಡೆದೇ ಬಂದಳು. ಅವಳು ಮೂದಲಿಸದೆ ಇದ್ದದ್ದೇ ನಮಗೆ ಹೆಚ್ಚು ಭಯ ಹುಟ್ಟಿಸಿತು.

ಎಲ್ಲರೂ ಮರದ ಕಾಂಡ ನೋಡುತ್ತಿದ್ದೆವು. ನೀರು ಇಳಿದಲ್ಲೆಲ್ಲ ಅದರ ಮೇಲೆ ಕೆಸರಿನ ಒಂದೊಂದು ಬಳೆ. ದಿನವೂ ಒಂದು ಬಳೆ ಕೆಳಗೆ. ಮಕ್ಕಳು ಆಟ ಬಿಟ್ಟು ನೋಡುತ್ತಿದ್ದವು. ಬೇರು ಹೊರಗೆ ಕಂಡಿತು. ಒಂದರೊಳಗೊಂದು ಹೆಣೆದುಕೊಂಡ, ತೊಡೆಯಷ್ಟು ದಪ್ಪದ ಬೇರುಗಳು, ಬುಟ್ಟಿಯ ಹಾಗೆ.

ಬೆಳಗಿನ ಹೊತ್ತು. ಯೀಮ್‌ಳ ಮಗ ಮರದ ಕಡೆ ಕೈ ತೋರಿಸಿ, ‘ಅಮ್ಮಾ, ಅಲ್ಲಿ ಆಕಾಶ ಬಿದ್ದಿದೆ’ ಎಂದ. ಬೇರಿನ ನಡುವೆ ಕೆಸರಿನಲ್ಲಿ ಚಂದ್ರನ ಸೀಳಿನಷ್ಟು ನೀಲಿ ಕಾಣುತ್ತಿತ್ತು.

ಯೇಯ್ ಸವೂನ್ ಬುಟ್ಟಿ ಹಿಡಿದು ಇಳಿದಳು. ಯಾರನ್ನೂ ಹತ್ತಿರ ಬಿಡಲಿಲ್ಲ. ನನ್ನನ್ನು ಕರೆದಳು, ಹಲಗೆ ಹಾಸಲು. ಬೋಗುಣಿ ಮಗುಚಿ ಬಿದ್ದು, ನೀರು ಪೂರ್ತಿ ಏರುವ ಮೊದಲೇ ಬೇರಿನ ಅಡಿಗೆ ಸಿಕ್ಕಿಕೊಂಡಿತ್ತು. ತೇಲುವ ಪಾತ್ರೆ ಬೇರಿನ ಕೈಯಿಂದ ಬಿಡಿಸಿಕೊಂಡು ತೇಲಲಾರದೆ ನಿಂತಿತ್ತು. ಅವಳು ಅದರ ಅಂಚಿನ ಕೆಳಗೆ ಕೈ ಹಾಕಿದಳು. ಬಹಳ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿದ್ದಳು. ಅವಳ ಮುಖ ನೋಡಿ ನನಗೆ ತಿಳಿಯಿತು. ಅದರ ಕೆಳಗೆ ಇದ್ದದ್ದನ್ನು ನಾನು ಹೇಳುವುದಿಲ್ಲ. ಕೂಡಿಸುವುದಕ್ಕೂ ಏನಿಲ್ಲ, ಕಳೆಯುವುದಕ್ಕೂ ಏನಿಲ್ಲ.

‘ಇಲ್ಲೇ ಇದ್ಯಾ ಮಗಾ’ ಎಂದಳು. ‘ಬಾ, ಅನ್ನ ಆರಿಹೋಗ್ತಿದೆ.’ ಬುಟ್ಟಿಯಿಂದ ಕೆಸರುನೀರನ್ನು ಒಂದು ಸಲ ಗೋರಿ ಎದೆಗೆ ಹಿಡಿದುಕೊಂಡಳು.

ಬೋಗುಣಿ ಬಿಡಿಸಲು ನಾನು ಬೇರಿನ ಅಡಿ ಕೆಸರು ತೋಡಬೇಕಾಯಿತು. ಅಲ್ಲಿ ಬೇರೆಯವೂ ಇದ್ದವು. ಟೈರು ಕತ್ತರಿಸಿ ಮಾಡಿದ ಚಪ್ಪಲಿಗಳು. ಕರಿಬಟ್ಟೆಯವರ ಕಾಲದಲ್ಲಿ ಎಲ್ಲರ ಕಾಲಿನಲ್ಲೂ ಇದ್ದಂಥವು. ಆ ರಬ್ಬರು ಕೊಳೆಯುವುದಿಲ್ಲ. ಒಂದು ತೆಗೆದರೆ ಅದರ ಕೆಳಗೆ ಇನ್ನೊಂದು. ನಾನು ತೋಡುವುದನ್ನು ನಿಲ್ಲಿಸಿದೆ.

‘ತೋಡು’ ಎಂದಳು ಯೇಯ್ ಸವೂನ್.

ಸಂಜೆಯವರೆಗೆ ತೋಡಿದೆ. ಸಮ್ರೆತ್ ಇಳಿದು ಬಂದ, ಮೇಷ್ಟರು ಬಂದರು, ಕೊನೆಗೆ ಅಚಾರ್ ಪ್ರುಂ ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದ. ಚಪ್ಪಲಿಗಳನ್ನು ತೊಳೆದು ಸಮ್ರೆತನ ಜಗಲಿಯಲ್ಲಿ ಸಾಲಾಗಿ ಇಟ್ಟೆವು. ಮುದುಕಿ ಒಂದೊಂದನ್ನೂ ಎತ್ತಿ ಅಂಗೈಯಲ್ಲಿ ಅಳೆದು ನೋಡಿದಳು. ಗಂಡನದು ಯಾವುದೆಂದು ಗೊತ್ತಾಗಲಿಲ್ಲ. ಈ ಸಲ ಅವಳು ಯಾವುದನ್ನೂ ಅವನದೆಂದು ಒಪ್ಪಿಕೊಳ್ಳಲಿಲ್ಲ. ಎಲ್ಲವನ್ನೂ ಇದ್ದಲ್ಲೇ ಬಿಟ್ಟಳು.

ಮಲಿಸ್‌ಗೆ ಆಗಬೇಕಾದ ಕ್ರಿಯೆಗಳೆಲ್ಲ ಗುಡ್ಡದ ವಿಹಾರದಲ್ಲಿ ಆದವು. ತಿರುಗಿ ಬಂದ ಸಂಜೆ ಹೊತ್ತು ಮುಳುಗಿತು, ಯೇಯ್ ಸವೂನ್ ಕರೆಯಲಿಲ್ಲ. ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಊರು ಎಷ್ಟೋ ತಿಂಗಳಿನಿಂದ ಬೇಡಿಕೊಂಡ ಮೌನ ಅದು. ಮಡುವಿನ ಮೇಲೆ ಕೂತಿತು, ಏಳಲಿಲ್ಲ. ಒಂದು ಮನೆಯಲ್ಲೂ ಊಟ ಶುರುವಾಗಲಿಲ್ಲ.

ಆಗ ಐಸ್ ಅಂಗಡಿಯಿಂದ ಒಂದು ದನಿ ಬಂತು. ಯೀಮ್‌ದು. ಬಹಳ ಮೆಲ್ಲಗೆ, ನಾಚಿಕೊಂಡ ಹಾಗೆ, ‘ಅಪ್ಪಾ, ಅನ್ನ ಆರಿಹೋಗ್ತಿದೆ’ ಎಂದಳು. ಅವಳಪ್ಪ ಆ ಸಭೆಯ ದೋಣಿ ಹತ್ತಿದಾಗ ಅವಳು ಹುಟ್ಟಿರಲಿಲ್ಲ. ಆಮೇಲೆ ಸಮ್ರೆತನ ಮನೆಯಿಂದ ಒಂದು ಹೆಸರು. ಮೇಷ್ಟರ ಮನೆಯಿಂದ ಎರಡು. ಒಂದೊಂದೇ ಮನೆಯಿಂದ, ನಾನು ಈವರೆಗೆ ಒಮ್ಮೆಯೂ ಕೇಳದ ಹೆಸರುಗಳು ಎದ್ದು ಬಂದು ಮರದ ಸುತ್ತ ತಿರುಗಿದವು. ನನ್ನ ಹೆಂಡತಿ, ನನ್ನ ಬಿಟ್ಟು ಯಾರನ್ನೂ ಬೈದು ಗೊತ್ತಿಲ್ಲದವಳು, ಅಣ್ಣನ ಹೆಸರು ಹಿಡಿದು ಕರೆದಳು.

ಬೆಳಿಗ್ಗೆ ಯೇಯ್ ಸವೂನ್ ನನ್ನ ಜಗಲಿಗೆ ಬಂದಳು.

‘ಚಿಕ್ಕದಾಯ್ತು ಅಂದಿರ್ಲಿಲ್ವಾ’ ಎಂದಳು. ‘ಬಾಗ್ಲು ದೊಡ್ಡದು ಮಾಡು.’

ಗೂಡನ್ನು ಇಳಿಸಿ ಮುಂದಿನ ಹಲಗೆಯನ್ನೇ ಕಿತ್ತೆ. ಅದೂ ಸಾಲದೆ ಹೊಸದು ಮಾಡುತ್ತಿದ್ದೇನೆ. ಈಗ ಒಂದು ಮನೆಯಷ್ಟಿದೆ. ಈ ಸಲ ಜಾಗ ಯಾವುದೆಂದು ಸಭೆ ಸೇರಲಿಲ್ಲ, ಅದೇ ಮರಕ್ಕೆ ಕಟ್ಟಿ ನಮ್ಮೆಲ್ಲರ ನಡುವೆ ನಿಲ್ಲಿಸಿದ್ದೇವೆ. ನೀಲಿ ಅಂಚಿನ ಬೋಗುಣಿ ಒಳಗೆ ನಡುವೆ ಇದೆ, ಸುತ್ತ ಚಪ್ಪಲಿಗಳು. ಮಕ್ಕಳ ಬೋಗುಣಿಗಳಿಗೆಲ್ಲ ಉದ್ದ ಹಗ್ಗ ಕಟ್ಟಿದ್ದೇವೆ. ಶಾಲೆಗೆ ಹೋಗುವಾಗ ಊರು ಮಕ್ಕಳನ್ನು ಗಾಳಿಪಟದ ಹಾಗೆ ಹಿಡಿದುಕೊಂಡು ಕೂರುತ್ತದೆ.

ಗುಡ್ಡದ ಕಡೆ ಮತ್ತೆ ಮೋಡ ಕಟ್ಟುತ್ತಿದೆ. ಕಾಂಡದ ಮೇಲಿನ ಕೆಸರಿನ ಬಳೆಗಳು ಕೆಳಗಿನಿಂದ ಒಂದೊಂದಾಗಿ ಮುಳುಗುತ್ತಿವೆ. ಮೇಲ್ತುದಿಗೆ ಹೊರಡುವ ಹೊತ್ತು ಯಾವಾಗಲೋ ಬಂದಾಯಿತು. ದಿನಾ ಬೆಳಿಗ್ಗೆ ಎದ್ದು ಯಾರಾದರೂ ಹಗ್ಗ ಸಡಿಲಿಸಿದ್ದಾರೆಯೇ ಎಂದು ನೋಡುತ್ತೇನೆ. ಯಾರೂ ಸಡಿಲಿಸಿಲ್ಲ. ಯೇಯ್ ಸವೂನ್ ಶಾವಿಗೆ ಒತ್ತುತ್ತಿರುತ್ತಾಳೆ. ನೀರು ಅವಳ ಹಲಗೆಯ ಕೆಳಗೆ ಏರುತ್ತಿರುತ್ತದೆ.